ಕಾಕಾ ಬಿಸ್ಮಿಲ್ಲಾ ಹೇಳಿದ ಬೆಳಿಗ್ಗೆ

ಹೊಲಿಗೆ ಮಷೀನಿನ ಎಣ್ಣೆಗೆ ಅದರದೇ ಒಂದು ವಾಸನೆಯಿದೆ. ತೆಳ್ಳಗೆ, ತಣ್ಣಗೆ, ಸ್ವಲ್ಪ ಸೀಮೆಎಣ್ಣೆಯ ಕಡೆಗೆ ವಾಲಿದ್ದು. ಕಳೆದ ವಾರ ಪುಚೊಂಗ್‌ನ ನಮ್ಮ ಕಾಂಡೊದಲ್ಲಿ ಲಿಫ್ಟ್ ಕೆಟ್ಟಿತ್ತು. ರಿಪೇರಿಯವನು ಬಾಗಿಲು ಕಳಚಿಟ್ಟು ಕೂತಿದ್ದ, ಅವನ ಕೈಯ ಬಟ್ಟೆಯಿಂದ ಆ ವಾಸನೆ ಬಂತು. ಹನ್ನೊಂದು ಮಹಡಿ ಹತ್ತಬೇಕಾಗಿದ್ದ ನಾನು, ಮಮಕ್ ಹೋಟೆಲಿನಿಂದ ತಪಾವ್ ಮಾಡಿಸಿಕೊಂಡು ಬಂದಿದ್ದ ಊಟದ ಪೊಟ್ಟಣ ಹಿಡಿದುಕೊಂಡು, ಅಲ್ಲೇ ನಿಂತುಬಿಟ್ಟೆ. ವಾಸನೆ ಹಿಡಿದು ಹಳೆಯ ಮನೆಗೆ ಹೋಗಿಬರುವವರನ್ನು ನಾನು ಯಾವಾಗಲೂ ಗೇಲಿ ಮಾಡಿದವಳು. ಆದರೂ ನನ್ನ ಕಣ್ಣ ಮುಂದೆ ಕಾಕಾ, ನಮ್ಮಪ್ಪನ ತಮ್ಮ, ಕೂತಿದ್ದರು. ಮೆಟ್ಟಿಲ ಮೇಲೆ ಹಳೇ ಪಂಚೆ ಹಾಸಿ, ಬಂದೂಕನ್ನು ಕೀಲಿನ ಬಳಿ ಮಡಚಿಟ್ಟುಕೊಂಡು, ಆಯಿಯ ಹೊಲಿಗೆ ಮಷೀನಿನ ಎಣ್ಣೆಯನ್ನೇ ಕದ್ದು ತಂದು ನಳಿಗೆಗೆ ಸವರುತ್ತಿದ್ದರು. ಒಳಗಿನಿಂದ ಆಯಿ, ಅಂದರೆ ನಮ್ಮಜ್ಜಿ, ಎಣ್ಣೆ ಬಾಟಲಿ ಮತ್ತೆ ಮಂಗಮಾಯ ಆಯಿತೆಂದು ಗೊಣಗುತ್ತಿದ್ದರು. ಆ ಮನೆ ಈಗಿಲ್ಲ. ಆ ಇಬ್ಬರೂ ಇಲ್ಲ. ಅದಕ್ಕೆ ನಾನೇನೂ ಮಾಡಲಾರೆ. ಆದರೆ ಆ ಮನೆಯ ಒಂದು ಬೆಳಿಗ್ಗೆಯ ಬಗ್ಗೆ ನಮ್ಮ ಬಳಗದಲ್ಲಿ ಒಂದು ತಪ್ಪು ಕತೆ ಓಡಾಡುತ್ತಿದೆ. ಅದಕ್ಕೆ ಮಾತ್ರ ಏನಾದರೂ ಮಾಡಬಲ್ಲೆ.

ನಮ್ಮದು ಗದಗಿನ ಕಡೆಯ ಪಿಂಜಾರರ ಮನೆತನ. ಮುಸಲ್ಮಾನರು, ಮನೆಮಾತು ಕನ್ನಡ. ಇದಕ್ಕೆ ಹುಬ್ಬೇರಿಸುವವರಿಗೆ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ, ಇಲ್ಲಿ ಮತ್ತೆ ಕೊಡುವುದಿಲ್ಲ. ಅಪ್ಪನೂ ದೊಡ್ಡಪ್ಪನೂ ಪರದೇಶಕ್ಕೆ ಬಂದು ಪುಚೊಂಗ್‌ನಲ್ಲಿ ನೆಲೆ ನಿಂತರೆ, ಕಾಕಾ ಮಾತ್ರ ಸಮುದ್ರ ದಾಟಿ ಸಬಾಕ್ಕೆ, ಸಂಡಾಕಾನ್‌ನಿಂದ ಮೂರು ತಾಸು ದೂರದ ಒಂದು ತಾಳೆಎಣ್ಣೆ ಎಸ್ಟೇಟಿಗೆ ಎಂಜಿನಿಯರ್ ಆಗಿ ಹೋಗಿದ್ದರು. ಮದುವೆಯಾಗಲಿಲ್ಲ. ಆಯಿ ಅವರ ಜೊತೆಗಿದ್ದರು. ಕಂಬಗಳ ಮೇಲೆ ನಿಂತ ಮರದ ಮನೆ, ಕೆಳಗೆ ಆಯಿಯ ಕೋಳಿಗಳು, ಸುತ್ತ ಲೆಕ್ಕವಿಲ್ಲದ ತಾಳೆಮರ, ಗಾಳಿ ತಿರುಗಿದರೆ ಮಿಲ್ಲಿನಿಂದ ಬೇಯಿಸಿದ ಹಣ್ಣಿನ ಹುಳಿ ಹೊಗೆ. ಶಾಲೆಗೆ ರಜೆ ಬಿಟ್ಟರೆ ನಾನು ಅಲ್ಲಿರುತ್ತಿದ್ದೆ. ನಾನಾಗ ಶಾಲೆಯ ಡಿಬೇಟ್ ತಂಡದಲ್ಲಿದ್ದೆ. ದೇವರು ಇಲ್ಲವೆಂದು ಹದಿಮೂರಕ್ಕೇ ತೀರ್ಮಾನಿಸಿ, ಆ ತೀರ್ಮಾನವನ್ನು ಎಲ್ಲರಿಗೂ ಹಂಚುತ್ತಿದ್ದೆ. ಉಳಿದವರು ಬಾಯಿ ಮುಚ್ಚು ಅಂದರು, ಕಾಕಾ ಕೂತು ವಾದಿಸು ಅಂದರು. ಷರತ್ತು ಒಂದೇ, ಕನ್ನಡದಲ್ಲಿ ವಾದಿಸಬೇಕು. ನಮ್ಮ ಪೀಳಿಗೆಯವರು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವರು, ನಾನೂ ಹಾಗೇ ಇದ್ದೆ. ಸಂಜೆ ಜಗಲಿಯಲ್ಲಿ ನಾನು ಯಾವ ಪಕ್ಷ ಹಿಡಿದರೂ ಕಾಕಾ ಅದರ ಎದುರು ಪಕ್ಷ ಹಿಡಿದು, ನನ್ನ ವಾದದ ಸಡಿಲ ಹಲಗೆ ಯಾವುದೆಂದು ಹುಡುಕಿ ಅದರ ಮೇಲೇ ಕಾಲಿಡುತ್ತಿದ್ದರು. ಈ ಬರಹವನ್ನು ಕನ್ನಡದಲ್ಲಿ ಬರೆಯಲು ನನಗೆ ಬರುತ್ತದೆ ಎಂದರೆ ಅದು ಆ ಸಂಜೆಗಳ ಸೋಲುಗಳಿಂದ.

ಅವರ ದನಿ ದೊಡ್ಡದು. ಎಸ್ಟೇಟಿನ ಸುರಾವ್‌ನಲ್ಲಿ, ಅದು ತಗಡಿನ ಮಾಡಿನ ಒಂದು ಪುಟ್ಟ ಮಸೀದಿ, ಶುಕ್ರವಾರ ಆಜಾನ್ ಕೊಡುತ್ತಿದ್ದದ್ದು ಕಾಕಾನೇ. ಮೈಕು ಕೆಟ್ಟ ದಿನಗಳಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲವಂತೆ. ನನಗೆ ಹದಿನೈದಾದ ವರ್ಷ ಕಾಕಾನ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ದನಿಪೆಟ್ಟಿಗೆಯನ್ನೇ ತೆಗೆದರು. ಕೊರಳಿನ ಬುಡದಲ್ಲಿ ಉಸಿರಿಗೆಂದು ಒಂದು ತೂತು ಉಳಿಯಿತು, ಅದರ ಮೇಲೆ ಆಯಿ ಹೊಲಿದುಕೊಟ್ಟ ಬಿಳಿ ಬಟ್ಟೆಯ ತುಂಡು. ಮಾತಿಗೆ ಮಕ್ಕಳ ಆಟದ ಪಾಟಿ. ಬರೆದು, ಮೇಲಿನ ಹಾಳೆ ಎತ್ತಿದರೆ ಅಕ್ಷರ ಅಳಿಸಿಹೋಗುತ್ತದಲ್ಲ, ಅಂಥದ್ದು. ಮುಂದಿನ ರಜೆಯಲ್ಲಿ ಜಗಲಿಯಲ್ಲಿ ನಾನು ವಾದಕ್ಕೆ ನಿಂತರೆ, ಅವರು ಒಂದು ಸಾಲು ಬರೆದು ಮುಗಿಸುವುದರೊಳಗೆ ನಾನು ನಾಲ್ಕು ಹೇಳಿಯಾಗಿರುತ್ತಿತ್ತು. ಪ್ರತಿ ಸಂಜೆ ನಾನೇ ಗೆದ್ದೆ. ಅಂಥ ಗೆಲುವನ್ನು ನಾನು ನನ್ನ ಶತ್ರುವಿಗೂ ಬಯಸುವುದಿಲ್ಲ.

ಆ ರಜೆಗೆ ನನ್ನನ್ನು ಕರೆತಂದದ್ದು ದೊಡ್ಡಪ್ಪ. ಅವರಿಗೆ ಬೇರೆ ಕೆಲಸವೂ ಇತ್ತು. ತಮ್ಮನ ಕೈಯಿಂದ ರಾಜೀನಾಮೆ ಕೊಡಿಸಿ, ಗದಗಿಗೆ ಕಳಿಸಿ, ಅಲ್ಲಿ ಯಾರದೋ ಅಂಗಡಿಯ ಗಲ್ಲಾದಲ್ಲಿ ಕೂರಿಸುವುದು. ಮಿಲ್ಲಿನ ಗದ್ದಲದಲ್ಲಿ ಕೂಗಿ ಹೇಳಲಾಗದವನು ಯಾವ ಎಂಜಿನಿಯರ್ ಎಂದು ಅವರು ಕಾಕಾನ ಎದುರಿಗೇ ಆಯಿಯನ್ನು ಕೇಳಿದರು. ಕಿವುಡರ ಮುಂದೆ ಮಾತಾಡುವ ಹಾಗೆ. ದನಿ ಹೋದರೆ ಕಿವಿಯೂ ಹೋಗುತ್ತದೆಂದು ಜನ ಯಾಕೆ ಭಾವಿಸುತ್ತಾರೋ, ನನಗೆ ಇಂದಿಗೂ ಅರ್ಥವಾಗಿಲ್ಲ. ಕಾಕಾ ಎದ್ದುಹೋಗಿ ಹೊಲಿಗೆ ಮಷೀನಿನ ಡ್ರಾಯರಿನಿಂದ ಎಣ್ಣೆ ತಂದರು. ವರ್ಷಕ್ಕೊಮ್ಮೆ ಲೈಸೆನ್ಸ್ ತೆಗೆಸಿ ಒಂದು ಕಡವೆ ಹೊಡೆದು, ಕೂಲಿಯವರ ಸಾಲುಮನೆಗಳಿಗೆಲ್ಲ ಪಾಲು ಕಳಿಸುವುದು ಅವರ ರೂಢಿ. ಬಂದೂಕು ಎಸ್ಟೇಟಿನದು, ಅದರ ಕಾಗದದಲ್ಲಿ ಅವರ ಹೆಸರಿತ್ತು. ಆ ವರ್ಷದ ಲೈಸೆನ್ಸ್ ಆಪರೇಷನ್‌ಗೆ ಮುಂಚೆಯೇ ಕೈಗೆ ಬಂದಿತ್ತು. ಪಾಟಿಯಲ್ಲಿ ನನಗೆ ಬರೆದರು: ನಾಳೆ ಬೆಳಿಗ್ಗೆ. ನೀನೂ ಬಾ.

ಅವರು ನಸುಕಿನ ಸುಬುಹಿನ ನಮಾಜು ಮುಗಿಸುವವರೆಗೆ ನಾನು ಮೆಟ್ಟಿಲ ಮೇಲೆ ಕೂತು ಶೂ ಕಟ್ಟಿಕೊಂಡೆ. ಆಯಿ ಬುತ್ತಿಗೆ ಖಡಕ್ ರೊಟ್ಟಿ ಕಟ್ಟಿಕೊಟ್ಟರು. ಕಾಕಾ ಗಂಟನ್ನು ಬಿಚ್ಚಿ ನೋಡಿ, ಒಂದು ರೊಟ್ಟಿ ಮುರಿದು ಅದರ ಲಟಕ್ ಸದ್ದನ್ನು ಆಯಿಗೆ ಕೇಳಿಸಿ, ವಾಪಸು ಕೊಟ್ಟರು. ಇದನ್ನು ಕಡಿದರೆ ಮೂರು ಗುಡ್ಡದಾಚೆಯ ಕಡವೆಯೂ ಓಡುತ್ತದೆ ಎಂದು ಅದರ ಅರ್ಥ. ದಾರಿಯಲ್ಲಿ ಪಾಕ್ ಜುಮಾತ್ ಸೇರಿಕೊಂಡರು. ಹೊಳೆಯಾಚೆಯ ಹಳ್ಳಿಯವರು, ಹೆಜ್ಜೆ ನೋಡಿ ಪ್ರಾಣಿಯ ವಯಸ್ಸು ಹೇಳುವವರು. ತಾಳೆಯ ಕೊನೆಯ ಸಾಲು ಮುಗಿದು ಕಾಡು ಶುರುವಾಗುವ ಕಡೆ, ಹಲಸಿನ ತಮ್ಮನಂತಿರುವ ತರಪ್ ಮರವೊಂದಿತ್ತು. ಉದುರಿದ ಹಣ್ಣಿಗೆ ಕಡವೆ ಬರುತ್ತಿತ್ತು. ಅದರ ಎದುರಿನ ಮರದಲ್ಲಿ ಮೂರು ಆಳೆತ್ತರಕ್ಕೆ ಹಲಗೆ ಬಡಿದ ಅಟ್ಟಣಿಗೆ. ಕಾಕಾ ಮತ್ತು ನಾನು ಹತ್ತಿದೆವು. ಪಾಕ್ ಜುಮಾತ್ ಗಾಳಿ ನೋಡಿಕೊಂಡು ದೂರದ ದಿಣ್ಣೆಯ ಹಿಂದೆ ಕೂತರು. ಗುಂಡು ತಗಲಿದ ಪ್ರಾಣಿ ಸಾಯುವ ಮುಂಚೆ ಓಡಿಹೋಗಿ ದೇವರ ಹೆಸರು ಹೇಳಿ ಕೊರಳು ಕೊಯ್ಯುವುದು ಅವರ ಪಾಲಿನ ಕೆಲಸ. ಅಷ್ಟರಲ್ಲಿ ಸತ್ತೇಹೋದರೆ? ಆಗ ಬಂದೂಕು ಹಾರಿಸಿದವನು ಹಾರಿಸುವಾಗ ಬಿಸ್ಮಿಲ್ಲಾ ಹೇಳಿದ್ದನೋ ಇಲ್ಲವೋ ಎನ್ನುವುದರ ಮೇಲೆ ನಮ್ಮ ಮನೆಯಲ್ಲಿ ಆ ಮಾಂಸ ಒಲೆಗೋ ನಾಯಿಗೋ ಎಂದು ತೀರ್ಮಾನ.

ಹಲಗೆ ಒದ್ದೆಯಾಗಿತ್ತು. ಕತ್ತಲು ಇನ್ನೂ ಎಲೆಗಳಿಗೆ ಅಂಟಿಕೊಂಡಿತ್ತು, ಎಲ್ಲೋ ದೂರದಲ್ಲಿ ಗಿಬ್ಬನ್ ಮಂಗಗಳು ರಾಗ ಎಳೆಯುತ್ತಿದ್ದವು. ಕಾಕಾ ಪಾಟಿಯನ್ನು ನನ್ನ ಮೊಣಕಾಲಿನ ಮೇಲಿಟ್ಟು ಬರೆದರು: ಕಡವೆ ಬಂದಾಗ ನೀನು ಬಿಸ್ಮಿಲ್ಲಾ ಹೇಳು. ಮೆಲ್ಲಗೆ.

ನಾನು ಒಲ್ಲೆ ಅಂದೆ. ಪಿಸುದನಿಯಲ್ಲಿ ಎರಡು ಕಾರಣ ಕೊಟ್ಟೆ. ಒಂದು, ನಿಮ್ಮದೇ ನಿಯಮದ ಪ್ರಕಾರ ಹಾರಿಸುವವನೇ ಹೇಳಬೇಕು, ಪಕ್ಕದಲ್ಲಿ ಕೂತವಳು ಹೇಳಿದರೆ ಲೆಕ್ಕಕ್ಕಿಲ್ಲ. ಎರಡು, ನನಗೆ ನಂಬಿಕೆಯಿಲ್ಲ. ನಂಬದ ಮಾತನ್ನು ನಾನು ಹೇಳಿದರೆ ಅದು ಸುಳ್ಳು, ಸುಳ್ಳು ಹಾಕಿ ಯಾವ ಮಾಂಸವನ್ನು ಶುದ್ಧ ಮಾಡುತ್ತೀರಿ? ಕಾಕಾ ಹಾಳೆ ಎತ್ತಿ ಅಳಿಸಿದರು. ಬರೆದರು: ಮೊದಲನೇ ಪಾಯಿಂಟ್ ಒಪ್ಪಿದೆ. ಎರಡನೆಯದಕ್ಕೆ ಏನಾದರೂ ಬರೆಯುತ್ತಾರೆಂದು ಕಾದೆ. ಕಾಕಾ ಪಾಟಿಯನ್ನು ಚೀಲಕ್ಕೆ ಹಾಕಿಬಿಟ್ಟರು. ಅವರು ನನ್ನ ಜೊತೆ ಜಗಳವಾಡಲಿ ಎಂದು ನಾನು ಎಷ್ಟು ಆಸೆಪಟ್ಟಿದ್ದೆ ಎಂದು ಈಗ ಅನ್ನಿಸುತ್ತದೆ. ಒಲ್ಲೆ ಅಂದದ್ದಕ್ಕೆ ನಾಚಿಕೆಯೇನೂ ಇಲ್ಲ. ಇಂದು ಕೇಳಿದರೂ ಒಲ್ಲೆ ಅಂತಲೇ ಹೇಳುತ್ತೇನೆ.

ಬೆಳಕು ಬೂದಿಬಣ್ಣಕ್ಕೆ ತಿರುಗಿದಾಗ ಅದು ಬಂತು. ಮೊದಲು ಕಾಲುಗಳು, ಆಮೇಲೆ ಮಂಜಿನೊಳಗಿಂದ ಉಳಿದ ಮೈ. ಕೊಂಬಿನ ಗಂಡು, ಒದ್ದೆ ತೆಂಗಿನನಾರಿನ ಬಣ್ಣ. ಹಣ್ಣಿನ ಹತ್ತಿರ ತಲೆ ತಗ್ಗಿಸಿತು, ಎತ್ತಿತು, ಮತ್ತೆ ತಗ್ಗಿಸಿತು. ಕಾಕಾ ಬಂದೂಕನ್ನು ಹೆಗಲಿಗೇರಿಸಿ ಒಂದೇ ಒಂದು ಸಲ ನನ್ನ ಕಡೆ ನೋಡಿದರು. ಬೇಡುವ ನೋಟವಲ್ಲ. ನೀನು ಇಲ್ಲಿದ್ದೀಯಲ್ಲ, ನೋಡು ಎನ್ನುವ ಹಾಗೆ. ನಾನು ಬಾಯಿ ಬಿಗಿಹಿಡಿದೆ. ಅವರ ತುಟಿಗಳು ಕೂಡಿದವು, ಬಿಟ್ಟವು, ಮತ್ತೆ ಕೂಡಿದವು. ನಾಲಿಗೆ ಹಲ್ಲಿನ ಹಿಂದೆ ಏರಿತು. ಅವಸರವೇ ಇಲ್ಲ, ಒಂದು ಅಕ್ಷರವನ್ನೂ ನುಂಗಲಿಲ್ಲ, ಶುಕ್ರವಾರದ ಆಜಾನಿನಷ್ಟೇ ನಿಧಾನ. ಉಸಿರು ಮಾತ್ರ ಬಾಯಿಂದ ಬರಲಿಲ್ಲ. ಕೊರಳ ಬಟ್ಟೆ ಒಮ್ಮೆ ಒಳಕ್ಕೆಳೆದು ಹೊರಗೆ ಉಬ್ಬಿತು, ಅಷ್ಟೇ. ಆಮೇಲೆ ಗುಂಡು. ಕಡವೆ ಮೂವತ್ತು ಹೆಜ್ಜೆ ಓಡಿ ಬಿತ್ತು. ಪಾಕ್ ಜುಮಾತ್ ಕತ್ತಿ ಹಿಡಿದು ಓಡಿದರು. ನಾವು ಇಳಿದುಹೋಗುವಷ್ಟರಲ್ಲಿ ಅವರು ಸುಮ್ಮನೆ ನಿಂತಿದ್ದರು. ಕಡವೆಯ ಕಣ್ಣು ಆಗಲೇ ಮಬ್ಬಾಗಿತ್ತು. ಹೇಳಿದ್ದಿರಾ ಎಂದು ಅವರು ಕಾಕಾನನ್ನು ಕೇಳಿದರು, ಕಾಕಾ ತಲೆಯಾಡಿಸಿದರು, ಹಾಗಾದರೆ ಆಯಿತಲ್ಲ ಎಂದು ಅವರು ಕಾಲು ಕಟ್ಟಲು ಶುರುಮಾಡಿದರು. ಕಾಡಿನ ಮನುಷ್ಯನಿಗೆ ಅಷ್ಟು ಸಾಕಾಯಿತು.

ದೊಡ್ಡಪ್ಪನಿಗೆ ಸಾಕಾಗಲಿಲ್ಲ. ಮಧ್ಯಾಹ್ನ ಆಯಿ ಬೋಗುಣಿ ಒಲೆಯ ಮೇಲಿಟ್ಟು ಮಸಾಲೆ ಕೈಯಾಡಿಸುವಾಗ ಅವರು ವಿಚಾರಣೆಗೆ ನಿಂತರು. ಕೊಯ್ದದ್ದು ಜೀವ ಹೋದಮೇಲೆ ಎಂದು ಗೊತ್ತಾಯಿತು. ಹಾಗಾದರೆ ಗುಂಡು ಹಾರಿಸುವಾಗ ಹೆಸರು ಹೇಳಿದವರು ಯಾರು ಎಂದರು. ಕಾಕಾ ತಮ್ಮ ಎದೆ ತೋರಿಸಿಕೊಂಡರು. ದೊಡ್ಡಪ್ಪ ಅವರ ಕಡೆ ನೋಡಲಿಲ್ಲ, ಆಯಿಗೆ ಹೇಳಿದರು: "ಬಾಯಿ ಇಲ್ಲದಾಂವ ಏನ್ ಹೇಳ್ಯಾನವ್ವ? ನಾಯಿಗೆ ಹಾಕು ಅದನ್ನ."

ಆಯಿಯ ಕೈಯ ಸೌಟು ನಿಂತಿತು. ಕಾಕಾ ಪಾಟಿ ಹಿಡಿದಿದ್ದರು. ಏನೆಂದು ಬರೆದಾರು? ನನಗೆ ದೇವರ ಹೆಸರು ಹೇಳಲು ಬರುತ್ತದೆ ಎಂದು ಅರ್ಜಿ ಬರೆಯಬೇಕೇ? ನಾನು ಎದ್ದು ನಿಂತೆ. ಎದುರು ಪಕ್ಷದವರ ಮಾತಿನ ನಡುವೆ ಪ್ರಶ್ನೆ ಎತ್ತುವಾಗ ನಾವು ಮಾಡುವಂತೆ ಒಂದು ಕೈ ತಲೆಯ ಮೇಲಿಟ್ಟುಕೊಂಡೇ ನಿಂತಿದ್ದೆನಂತೆ, ಆಮೇಲೆ ಆಯಿ ಹೇಳಿ ನಗುತ್ತಿದ್ದರು. ಕಾಕಾ ಹೇಳಿದರು, ನಾನು ಕೇಳಿದೆ ಅಂದೆ. ಆಮೇಲೆ ದೊಡ್ಡಪ್ಪನನ್ನೇ ಪ್ರಶ್ನೆ ಮಾಡಿದೆ. ಮಧ್ಯಾಹ್ನದ ನಮಾಜಿನಲ್ಲಿ ದನಿ ತೆಗೆಯದೆ ಓದುತ್ತೀರಲ್ಲ, ಪಕ್ಕದಲ್ಲಿ ನಿಂತವರಿಗೆ ಕೇಳಿಸುತ್ತದಾ?

"ತುಟಿ ಅಲ್ಲಾಡ್ತಾವಲ್ಲ," ಅಂದರು ದೊಡ್ಡಪ್ಪ.

"ಕಾಕಾನ ತುಟೀನೂ ಅಲ್ಲಾಡಿದ್ವು."

ಈ ಕ್ಷಣಕ್ಕಾಗಿಯೇ ನಾನು ಡಿಬೇಟ್ ಕಲಿತದ್ದು ಅನ್ನಿಸಿತು. ಆದರೆ ದೊಡ್ಡಪ್ಪ ನಲವತ್ತು ವರ್ಷ ವ್ಯಾಪಾರ ಮಾಡಿದ ಮನುಷ್ಯ, ಮಾತಿನ ಸಡಿಲ ಅವರಿಗೂ ಕಾಣುತ್ತದೆ. "ಆಗ ಕೇಳಿದೆ ಅಂದಿ, ಈಗ ತುಟಿ ಅಂತಿ. ಕೇಳಿದ್ಯೋ, ನೋಡಿದ್ಯೋ, ವಕೀಲಮ್ಮ?"

ಕೇಳಿದೆ, ಅಂದೆ. ಜಗ್ಗಲಿಲ್ಲ. ಬೆಳಿಗ್ಗೆ ಸುಳ್ಳು ಹೇಳಲಾರೆನೆಂದು ಅಟ್ಟಣಿಗೆಯ ಮೇಲೆ ಭಾಷಣ ಮಾಡಿದವಳು, ಮಧ್ಯಾಹ್ನ ಅಡುಗೆಮನೆಯಲ್ಲಿ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದೆ. ಆಗ ಕಾಕಾ ಬರೆದರು. ಬರೆದು ಪಾಟಿಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದರು: ಕೇಳಿಲ್ಲ. ನೋಡಿದಳು.

ದೊಡ್ಡಪ್ಪ ನಕ್ಕರು. ನನಗೆ ಕಾಕಾನ ಮೇಲೆ ಬಂದ ಸಿಟ್ಟು ಹೇಳತೀರದು. ಇವರಿಗಾಗಿ ನಾನು ಹೊಡೆದಾಡುತ್ತಿದ್ದರೆ ಇವರೇ ನನ್ನ ಸಾಕ್ಷ್ಯವನ್ನು ತಿದ್ದುತ್ತಾರಲ್ಲ! ಅವರು ಪಾಟಿಯನ್ನು ಕಟ್ಟೆಯ ಮೇಲಿಟ್ಟು ಆಯಿಯ ಎದುರು ಹೋಗಿ ನಿಂತರು. ಆಪರೇಷನ್ ಆದ ಏಳು ತಿಂಗಳಿಂದ ಆ ಮುಖದಲ್ಲಿ ನೀರು, ಅನ್ನ, ನೋವು, ಸಾಕು ಎಂಬುದನ್ನೆಲ್ಲ ಓದುತ್ತಿದ್ದವರು ಆಯಿ.

"ಹೇಳಿದ್ಯೇನಪಾ?" ಎಂದು ಆಯಿ ಕೇಳಿದರು.

ಕಾಕಾ ತಲೆಯಾಡಿಸಲಿಲ್ಲ. ಬೆಳಿಗ್ಗೆ ಹೇಳಿದ್ದನ್ನು ಮತ್ತೊಮ್ಮೆ ಹೇಳಿದರು, ಮೊದಲಿನಿಂದ ಕೊನೆಯವರೆಗೆ, ಅದೇ ನಿಧಾನದಲ್ಲಿ. ಒಲೆಯ ಉರಿಯ ಸದ್ದು ಬಿಟ್ಟರೆ ಅಡುಗೆಮನೆಯಲ್ಲಿ ಬೇರೆ ಸದ್ದಿರಲಿಲ್ಲ.

"ಕೇಳಿಸ್ತು," ಅಂದರು ಆಯಿ. ಅಂದು, ಮಾಂಸವನ್ನು ಬೋಗುಣಿಗೆ ಸುರಿದರು.

ದೊಡ್ಡಪ್ಪ ಆ ದಿನ ಮೊಸರನ್ನ ಉಂಡರು. ಕಾಕಾ ರಾಜೀನಾಮೆ ಕೊಡಲಿಲ್ಲ. ಮಿಲ್ಲಿಗೆ ಹೋದರು, ಸೀಟಿ ಊದಿ ಕೆಲಸ ಮಾಡಿಸಿದರು, ಮತ್ತೆ ಹದಿನಾಲ್ಕು ತಿಂಗಳು ಇದ್ದರು. ಆಮೇಲೆ ಗಡ್ಡೆ ಬೇರೆ ಕಡೆ ಎದ್ದಿತು. ಅವರ ಹಿಂದೆಯೇ ಒಂದೂವರೆ ವರ್ಷಕ್ಕೆ ಆಯಿ ಹೋದರು. ಮನೆಯ ಹಲಗೆಗಳನ್ನು ಕಿತ್ತು ಆ ಜಾಗದಲ್ಲಿ ಹೊಸ ತಾಳೆ ಸಸಿ ನೆಟ್ಟಿದ್ದಾರೆಂದು ಪಾಕ್ ಜುಮಾತರ ಮಗ ವಾಟ್ಸಾಪಿನಲ್ಲಿ ಫೋಟೊ ಕಳಿಸಿದ್ದ. ಫೋಟೊದಲ್ಲಿ ಎಲ್ಲಿ ಜಗಲಿ, ಎಲ್ಲಿ ಒಲೆ ಎಂದು ಬೆರಳಿಟ್ಟು ಹುಡುಕಿದೆ, ಸಿಗಲಿಲ್ಲ. ದೊಡ್ಡಪ್ಪ ಮಾತ್ರ ಈಗಲೂ ಈದಿನ ಊಟದಲ್ಲಿ ಆ ಕತೆ ತೆಗೆಯುತ್ತಾರೆ. ಪಾಪ, ದನಿ ಹೋದ ಮಗನ ಮೇಲಿನ ಕನಿಕರಕ್ಕೆ ಮುದುಕಿ ಸಂಶಯದ ಮಾಂಸ ತಿಂದಳು ಅನ್ನುತ್ತಾರೆ. ಸುತ್ತ ಕೂತವರು ಹೌದೆಂದು ತಲೆದೂಗುತ್ತಾರೆ. ನಿಮ್ಮ ಬಳಗದಲ್ಲೂ ಇಂಥ ಒಬ್ಬರು ಇರುತ್ತಾರೆ, ಸತ್ತವರ ಪರವಾಗಿ ಕನಿಕರಪಡುವವರು. ಅವರ ಎದುರು ನೀವೂ ಊಟ ಕೆಡದಿರಲಿ ಎಂದು ಸುಮ್ಮನಿದ್ದೀರಿ. ನಾನು ಸುಮ್ಮನಿರುವುದಿಲ್ಲ. ಅದು ಕನಿಕರವಾಗಿರಲಿಲ್ಲ. ಆಯಿ ಕನಿಕರಕ್ಕೆ ಉಪ್ಪನ್ನೂ ಹೆಚ್ಚು ಹಾಕಿದವರಲ್ಲ.

ಕಾಕಾನ ದನಿ ಹೇಗಿತ್ತೆಂದು ನೆನಪಿಸಿಕೊಳ್ಳಲು ಹೋದರೆ ಈಗ ನನಗೆ ಸಿಗುವುದಿಲ್ಲ. ದೊಡ್ಡದಿತ್ತು ಎಂದು ಗೊತ್ತು, ಆದರೆ ಅದು ನಾನು ಹೇಳುವ ಮಾತಷ್ಟೇ. ಯಾರೂ ರೆಕಾರ್ಡ್ ಮಾಡಿಟ್ಟಿಲ್ಲ. ಸಿಗುವುದು ಆ ಬೂದು ಬೆಳಕು, ಕೂಡಿ ಬಿಟ್ಟು ಮತ್ತೆ ಕೂಡುವ ತುಟಿಗಳು, ಒಮ್ಮೆ ಉಬ್ಬಿ ಇಳಿದ ಬಿಳಿ ಬಟ್ಟೆ. ಅವರು ಯಾರಿಗೆ ಹೇಳುತ್ತಿದ್ದರೋ ಅವನು ಇದ್ದಾನೆಂದು ನಾನು ಈಗಲೂ ನಂಬುವುದಿಲ್ಲ. ಅವರು ಹೇಳಿದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಾನು ಕೇಳಲಿಲ್ಲ, ನೋಡಿದೆ.