ಕಾಕುವಿನ ಗುರೆಳ್ಳು ಹಿಂಡಿ

ಮೊನ್ನೆ ಬಾಣಲೆಯಲ್ಲಿ ಗುರೆಳ್ಳು ಚಟಪಟ ಎನ್ನತೊಡಗಿದಾಗ ಆ ಘಮಕ್ಕೆ ಮಗಳು ಅಡುಗೆಮನೆಗೆ ಬಂದಳು. "ಆಯಿ, ಇದನ್ನ ನಿನಗೆ ಯಾರು ಕಲಿಸಿದ್ದು?" ಎಂದಳು. "ಕಲಬುರಗಿಯ ನನ್ನ ಅಜ್ಜಿ" ಎಂದೆ. ಶುದ್ಧ ಸುಳ್ಳು. ಆ ಅಜ್ಜಿಯನ್ನು ನಾನು ನೋಡಿದ್ದೇ ಎರಡು ಸಲ.

ಕಲಿಸಿದವಳು ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಬಿಲ್ಡಿಂಗಿನ ವಾಚ್‌ಮನ್ನನ ಹೆಂಡತಿ. ತೊಂಬತ್ತರ ದಶಕದ ಮಾತು. ನನಗೆ ಹನ್ನೆರಡೋ ಹದಿಮೂರೋ... ಅಪ್ಪ ಕಲಬುರಗಿ ಕಡೆಯವರು, ಆಯಿ ಅಲ್ಲೇ ಪಕ್ಕದ ಕಲ್ಯಾಣದ ಮರಾಠಿ ಮನೆಯವಳು. ಅಪ್ಪ ಫ್ಯಾಕ್ಟರಿಯಲ್ಲಿ ಎರಡು ಪಾಳಿ ದುಡಿದು ಬಂದು ಉಂಡು ಮಲಗುವವರು, ಹಾಗಾಗಿ ಮನೆಯಲ್ಲಿ ಮರಾಠಿಯದೇ ರಾಜ್ಯ. ಆದರೂ ಶಾಲೆಯಲ್ಲಿ ಗೆಳತಿಯರು ನನ್ನನ್ನು 'ಕಾನಡಿ' ಎಂದು ಕಿಚಾಯಿಸುತ್ತಿದ್ದರು. ಊರಿಗೆ ಹೋದರೆ ಅಪ್ಪನ ಕಡೆಯವರಿಗೆ ನಾನು 'ಮರಾಠಿ ಹುಡುಗಿ'.

ಅಪ್ಪನ ಭಾಷೆ ನನಗೆ ದಕ್ಕಿದ್ದು ಮೆಟ್ಟಿಲ ಕೆಳಗಿನ ಆ ವಾಚ್‌ಮನ್ನನ ಹೆಂಡತಿಯ ಖೋಲಿಯಲ್ಲಿ; ಅವಳೂ ಅಪ್ಪನ ಊರ ಕಡೆಯವಳೇ. ಗುರೆಳ್ಳಿಗೆ ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟುತ್ತಾ ಮಾತಾಡಿಸುವಳು. ರೊಟ್ಟಿಯ ಮೇಲೆ ಆ ಚಟ್ನಿಪುಡಿ, ಅವಳ ಮಾತಿನಲ್ಲಿ ಹಿಂಡಿ, ಉದುರಿಸಿ, "ತಿಂದು ನೋಡವ್ವಾ, ನಿಮ್ಮಪ್ಪನ ಊರ ರುಚಿ ಅದ" ಎನ್ನುವಳು. ನಾನು ಅವಳನ್ನು ಕಾಕು ಎನ್ನುತ್ತಿದ್ದೆ. ಚಿಕ್ಕಮ್ಮನಿಗೆ ಮರಾಠಿಯಲ್ಲೂ ಅಪ್ಪನ ಕಡೆಯ ಕನ್ನಡದಲ್ಲೂ ಅದೇ ಶಬ್ದ, ಯಾರ ಕಿವಿಗೆ ಬಿದ್ದರೂ ಕನ್ನಡ ಆಡುತ್ತೇನೆಂದು ಸಿಕ್ಕಿಬೀಳುವ ಭಯವಿಲ್ಲ. ಆ ವಯಸ್ಸಿಗೇ ಅಷ್ಟು ಲೆಕ್ಕಾಚಾರ ನನ್ನದು!

ಒಂದು ಭಾನುವಾರ ಕೆಳಗಿನ ನೀರಿನ ಟಾಕಿ ಬರಿದಾದ ಮೇಲೂ ಪಂಪು ಓಡುತ್ತಲೇ ಇದ್ದು ಸುಟ್ಟುಹೋಯಿತು. ಕಾಕುವಿನ ಗಂಡ ಊರಿಗೆ ಹೋಗಿದ್ದ. ಪಂಪಿನ ಹೊಣೆ ಅವಳದಾಗಿತ್ತು. ಪಾಳಿಗೆ ಹೋಗಿದ್ದ ಅಪ್ಪನೊಬ್ಬರನ್ನು ಬಿಟ್ಟು ಇಡೀ ಬಿಲ್ಡಿಂಗೇ ಅಂಗಳದಲ್ಲಿ ನೆರೆಯಿತು. ಹೆದರಿಕೆಯಲ್ಲಿ ಅವಳ ಅರೆಬರೆ ಹಿಂದಿ ಕೈಕೊಟ್ಟಿತ್ತು. ಸೊಸೈಟಿಯ ಸೆಕ್ರೆಟರಿಯ ಹೆಂಡತಿಯತ್ತ ಕೈತೋರಿಸಿ ಕನ್ನಡದಲ್ಲೇ ಗೋಗರೆದಳು: "ನಾ ಆರಿಸ್ಲಾಕ ಹೋಗಿದ್ದೆರೀ. ಅವರೇ ಬ್ಯಾಡ ಅಂದ್ರು, ಅವರ ನೀರು ಇನ್ನಾ ತುಂಬಿದ್ದಿಲ್ಲ. ಯವ್ವಾ, ನೀ ಹೇಳ ಇವರಿಗಿ..."

ಎಲ್ಲರೂ ನನ್ನತ್ತ ತಿರುಗಿದರು. "ನಿನಗೆ ತಿಳಿಯುತ್ತಲ್ಲ, ಏನಂತೆ ಇವಳದು?" ಎಂದು ಸೆಕ್ರೆಟರಿ ಮರಾಠಿಯಲ್ಲಿ ಕೇಳಿದರು. ಪಕ್ಕದಲ್ಲಿ ಕಿಚಾಯಿಸುವ ಆ ಗೆಳತಿಯರಲ್ಲಿ ನಮ್ಮ ಬಿಲ್ಡಿಂಗಿನ ಇಬ್ಬರು, ತುಟಿಯಂಚಿನಲ್ಲಿ ನಗು.

"ಮಲಾ ಕಾನಡಿ ಯೇತ್ ನಾಹಿ" ಎಂದೆ. ನನಗೆ ಕನ್ನಡ ಬರುವುದಿಲ್ಲವಂತೆ!

ಕಾಕು ನನ್ನನ್ನು ಒಂದು ಗಳಿಗೆ ನೋಡಿದಳು. ಸೆಕ್ರೆಟರಿ ಮತ್ತೆ ಕೇಳಲು ಬಾಯಿ ತೆರೆದಾಗ ಅವಳೇ ಅಡ್ಡ ಬಂದು, "ಛೋಡೋ ಸಾಬ್, ಬಚ್ಚೀ ಕೋ ನಹೀ ಆತಾ" ಎಂದಳು; ಬಿಡಿ, ಮಗುವಿಗೆ ಬರುವುದಿಲ್ಲ ಎಂದು. ಕೈಕೊಟ್ಟಿದ್ದ ಹಿಂದಿ ನನ್ನ ಮಾನ ಉಳಿಸಲು ಮಾತ್ರ ಅವಳ ಬಾಯಿಗೆ ಬಂತು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಆದರೂ ಗೆಳತಿಯರ ಪಕ್ಕದಿಂದ ಕದಲಲಿಲ್ಲ.

ಎರಡೇ ದಿನಕ್ಕೆ ಅವರ ಖೋಲಿ ಖಾಲಿ ಮಾಡಿಸಿದರು. ಠಾಕುರ್ಲಿಯಲ್ಲಿ ಯಾವುದೋ ಕಟ್ಟಡದ ಕೆಲಸಕ್ಕೆ ಸೇರಿದ್ದಾರೆಂದು ಆಮೇಲೆ ಅಪ್ಪ ಹೇಳಿದರು. ಠಾಕುರ್ಲಿ ಎಂದರೆ ಮುಂದಿನದೇ ಸ್ಟೇಷನ್. ನಾನು ಹೋಗಲಿಲ್ಲ... ಇಂದು, ನಾಳೆ ಎನ್ನುತ್ತಲೇ ಶಾಲೆ ಮುಗಿಯಿತು.

ಈಗ ಯಾರಾದರೂ ಕೇಳಿದರೆ ನಾನು ಎರಡೂ ಕಡೆಯವಳು ಎಂದು ಎದೆಯುಬ್ಬಿಸಿ ಹೇಳುತ್ತೇನೆ. ಕಲಬುರಗಿಯವರು ಸಿಕ್ಕರೆ ಅವರ ಮಾತಿನಲ್ಲೇ ಹರಟುತ್ತೇನೆ. ಆ ಮಾತು ಕೊಟ್ಟವಳನ್ನು ಅಂಗಳದಲ್ಲಿ ಒಮ್ಮೆ, ಮೊನ್ನೆ ಒಲೆಯ ಮುಂದೆ ಇನ್ನೊಮ್ಮೆ ಅಲ್ಲಗಳೆದೆ. ಇವತ್ತು ಮಗಳು ಕಾಲೇಜಿನಿಂದ ಬಂದ ಕೂಡಲೇ ನಿಜ ಹೇಳುತ್ತೇನೆ. ಅಂಗಳದಲ್ಲಿ ಹೇಳಬೇಕಿದ್ದದ್ದನ್ನು ಇನ್ನು ಯಾರಿಗೆ ಹೇಳಲಿ?