ಹೆಸರಿದ್ದ ಜಾಗದಲ್ಲಿ ಶಹನಾಯಿ

ಈ ಬರಹದ ಕೆಲವು ವಿವರಗಳು ತಪ್ಪಿರಬಹುದು. ಅತ್ತೆ ಆ ವಿಡಿಯೋದಲ್ಲಿ ಉಟ್ಟಿದ್ದು ಹಸಿರು ಸೀರೆಯೋ ಬೂದು ಬಣ್ಣದ್ದೋ, ವಕೀಲೆ ಗೆಳತಿ ಹೇಳಿದ ಮಾತುಗಳು ಇದೇ ಕ್ರಮದಲ್ಲಿದ್ದವೋ ಇಲ್ಲವೋ, ಖಚಿತವಾಗಿ ಹೇಳಲಾರೆ. ದಿನಚರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಏನಾದರೂ ಮುಖ್ಯವಾದದ್ದು ನಡೆದ ದಿನ ನಾನು ಸುಸ್ತಾಗಿ ಮಲಗಿಬಿಡುತ್ತೇನೆ, ಆಮೇಲೆ ನೆನಪಿನಿಂದ ತುಂಬಿಸುತ್ತೇನೆ. ಇದರಿಂದ ಇಲ್ಲಿಯವರೆಗೆ ಯಾರಿಗೂ ತೊಂದರೆಯಾಗಿರಲಿಲ್ಲ. ಈಚೆಗೆ ನನ್ನ ನೆನಪನ್ನು ನೋಟರಿಯ ಮುಂದೆ ಪ್ರಮಾಣ ಮಾಡಿ ಹೇಳಬೇಕಾದ ಸಂದರ್ಭ ಬಂದಿತ್ತು. ಅದಕ್ಕೇ ಈ ಅಳುಕು.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಅದಕ್ಕೂ ಮೊದಲು ಬಹುಕಾಲ ಹರಿಹರದಲ್ಲಿದ್ದರು. ಮಾವ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಮಾವ ತೀರಿಕೊಂಡ ಮೇಲೆ ಆ ಮನೆ ಬಿಟ್ಟು ಬಂದರು.

ನಮ್ಮ ಬಳಗದಲ್ಲಿ ಅತ್ತೆಗೆ ಹೆಸರು ಬಂದಿರುವುದು ಒಡಪಿನಿಂದ. ಮದುಮಗಳು ಮೊದಲ ಸಲ ಗಂಡನ ಮನೆಗೆ ಬಂದಾಗ ಹೆಂಗಸರೆಲ್ಲ ಹೊಸ್ತಿಲಲ್ಲಿ ಅಡ್ಡ ನಿಂತು, "ಗಂಡನ ಹೆಸರು ಹೇಳು, ಆಮೇಲೆ ಒಳಗೆ ಬಾ" ಎಂದು ಕಾಡುತ್ತಾರಲ್ಲ, ಆಗ ಹೇಳುವ ಪ್ರಾಸದ ಸಾಲುಗಳು. ಬೇರೆ ಹೊತ್ತಿನಲ್ಲಿ ಬಾಯಿಗೆ ತರದ ಹೆಸರನ್ನು ಅವತ್ತು ಪದ್ಯದೊಳಗೆ ಕೂರಿಸಿ ಎಲ್ಲರೆದುರು ಹೇಳಬೇಕು. ಹೇಳಲಾಗದೆ ನಾಚಿ ನಿಂತ ಹುಡುಗಿಯರಿಗೆ ಅತ್ತೆ ನಿಂತ ನಿಲುವಿನಲ್ಲೇ ಒಂದು ಕಟ್ಟಿಕೊಡುತ್ತಿದ್ದರು. ಮಾವ ಹೋದ ಮೇಲೆ ಅತ್ತೆ ಹೊಸ್ತಿಲ ಬಳಿ ಬರುವುದು ನಿಂತಿತು. ಬರಬೇಡ ಎಂದು ಯಾರೂ ಹೇಳಿದ್ದಲ್ಲ, ಬಾ ಎಂದು ಕರೆದದ್ದೂ ಇಲ್ಲ. ಹುಡುಗಿಯರು ಒಳಕೋಣೆಗೆ ಹೋಗಿ ಅತ್ತೆಯಿಂದ ಒಡಪು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಹೊರಗೆ ನಗೆ ಏಳುತ್ತಿತ್ತು. ಅತ್ತೆ ಒಳಗೆ ಕೂತೇ ಕೇಳುತ್ತಿದ್ದರು.

ಆಮೇಲೆ ಮೊಬೈಲು ಬಂತು. ಸೊಸೆ ತನ್ನ ಹಳೆಯ ಫೋನನ್ನು ಅತ್ತೆಗೆ ಕೊಟ್ಟು, ವಿಡಿಯೋ ಹಾಕುವ ಆ್ಯಪಿನಲ್ಲಿ ಒಂದು ಪುಟ ತೆರೆದುಕೊಟ್ಟಳು. ಅಡುಗೆ ತೋರಿಸಲಿ ಎಂದು ಅವಳ ಲೆಕ್ಕ. ಅತ್ತೆ ಅದರಲ್ಲಿ ಒಡಪು ಹೇಳತೊಡಗಿದರು. ಗೊತ್ತಿಲ್ಲದ ಊರುಗಳ ಹುಡುಗಿಯರು ದನಿ ಸಂದೇಶ ಕಳಿಸಿ, "ಅಜ್ಜಿ, ನನ್ನ ಮದುವೆ ಐತೆ, ನಮ್ಮ ಹುಡುಗನ ಹೆಸರು ಹಾಕಿ ಒಂದು ಕಟ್ಟಿಕೊಡ್ರಿ" ಎನ್ನುತ್ತಿದ್ದರು. ಮದುವೆ ಮನೆಯ ಅಲಂಕಾರದಿಂದ ಹಿಡಿದು ಆರತಿ ತಟ್ಟೆಯವರೆಗೆ ಎಲ್ಲವನ್ನೂ ಗುತ್ತಿಗೆ ಹಿಡಿಯುವ ಕೆ.ಬಿ. ಬಡಾವಣೆಯ ಒಬ್ಬರು, ಒಡಪನ್ನೂ ತಮ್ಮ ಪ್ಯಾಕೇಜಿಗೆ ಸೇರಿಸಿಕೊಳ್ಳುತ್ತೇವೆ ಎಂದು ಫೋನ್ ಮಾಡಿದ್ದರಂತೆ.

ಅತ್ತೆ ಕಟ್ಟುವ ರೀತಿ ನನಗೆ ಕುತೂಹಲ. ಹುಡುಗನ ಓದು, ನೌಕರಿ, ಬಣ್ಣ ಯಾವುದನ್ನೂ ಕೇಳುವುದಿಲ್ಲ. ಕೇಳುವುದು ಒಂದೇ: "ಹೊರಗಿಂದ ಬಂದ ಕೂಡ್ಲೆ ಮೊದಲು ಏನ್ ಮಾಡ್ತಾನೆ?" ಕಾಲು ತೊಳೀತಾನೆ, ಅಮ್ಮನ್ನ ಕರೀತಾನೆ, ಫ್ರಿಜ್ ತೆಗೀತಾನೆ, ಹೀಗೆ ಉತ್ತರ ಬರುತ್ತದೆ. ಒಮ್ಮೆ ಒಬ್ಬಳು, "ನೆಟ್ ಬರ್ತೈತೋ ಇಲ್ಲೋ ನೋಡ್ತಾರೆ ಅಜ್ಜಿ" ಎಂದಳು. ಅತ್ತೆ ಸೊಪ್ಪು ಬಿಡಿಸುತ್ತಲೇ ಕಟ್ಟಿದರು:

"ಗ್ವಾಡಿ ಮ್ಯಾಲಿನ ಡಬ್ಬಿಗೆ ಹಸಿರು ದೀಪ ಹತ್ತಿ,
ನೆಟ್ ಸಿಕ್ಕ ಮ್ಯಾಲೆ ನನ್ನ ನೋಡ್ತಾರೆ ಕತ್ತೆತ್ತಿ."

ಎರಡನೇ ಸಾಲಿನ ನಡುವೆ ಹುಡುಗನ ಹೆಸರಿತ್ತು. ಆ ಹುಡುಗಿ ಒಂದು ಸಾಲು ತುಂಬ ನಗುವ ಮುಖಗಳನ್ನು ಕಳಿಸಿದಳು. ಅತ್ತೆ, "ಇಷ್ಟು ಹಲ್ಲು ಕಿಸಿತಾಳಲ್ಲ, ಹೊಸ್ತಿಲಾಗೆ ಬಾಯಿ ಬಿಡ್ತಾಳೋ ಇಲ್ಲೋ" ಎಂದರು.

ಈಗ ತಕರಾರಿನ ವಿಷಯ. ಅತ್ತೆ ಆ ಪುಟದಲ್ಲಿ ಮೊಟ್ಟಮೊದಲು ಹಾಕಿದ್ದು ತಮ್ಮದೇ ಒಡಪು:

"ಹೊಳಿಯಾಗ ಹರಿತೈತೆ ತಿಳಿ ತಿಳಿ ನೀರು,
ಸೈರನ್ ಕೂಗಿದ ಮ್ಯಾಲೆ ಮನಿಗ್ ಬರ್ತಾರೆ ನಮ್ಮ..."

ಕೊನೆಯಲ್ಲಿ ಮಾವನ ಹೆಸರು, ಪ್ರಾಸಕ್ಕೆ 'ಅವರು'. ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೊಳೆಯೆಂದರೆ ಹರಿಹರದ ಹೊಳೆ. ಸೈರನ್ ಎಂದರೆ ಕಾರ್ಖಾನೆಯಲ್ಲಿ ಪಾಳಿ ಬಿಟ್ಟಾಗ ಕೂಗುತ್ತಿದ್ದದ್ದು. ಅದು ಕೇಳಿದರೆ ಆ ಬೀದಿಯ ಹೆಂಗಸರೆಲ್ಲ ಚಹಾಕ್ಕೆ ನೀರಿಡುತ್ತಿದ್ದರು. ಗಂಡನಿಲ್ಲದವಳು ಒಡಪು ಹೇಳುತ್ತಾಳೆ ಎಂದು ಬಳಗದಲ್ಲಿ ಒಂದಿಬ್ಬರು ಗೊಣಗಿದರಂತೆ. ಅತ್ತೆ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ತಲೆ ಕೆಡಿಸಿಕೊಂಡದ್ದು ಬೇರೆಯದಕ್ಕೆ. ವಿಡಿಯೋ ಹಾಕಿ ಒಂದಷ್ಟು ದಿನವಾದ ಮೇಲೆ ಕ್ಯಾಲೆಂಡರು ನೋಡಿದಾಗ, ತಾವು ಹಾಕಿದ್ದು ಅಮಾವಾಸ್ಯೆಯ ದಿನ ಎಂದು ತಿಳಿಯಿತು. ಮೊದಲ ವಿಡಿಯೋ, ಅದರಲ್ಲೂ ಮಾವನ ಹೆಸರಿರುವುದು! ತಕ್ಷಣ ಅಳಿಸಿದರು. ಒಳ್ಳೆಯ ದಿನ ನೋಡಿ, ರಾಹುಕಾಲ ಕಳೆಯಲೆಂದು ಕಾದು, ಅದನ್ನೇ ಮತ್ತೆ ಹಾಕಿದರು. ನನಗೆ ಫೋನ್ ಮಾಡಿ, "ಈಗ ಸರಿ ಹೋತು ನೋಡು" ಎಂದಿದ್ದರು. ನನಗೂ ಸರಿಯಾಯಿತೆಂದೇ ಅನಿಸಿತ್ತು.

ಮೊದಲ ಸಲ ಹಾಕಿದ್ದಕ್ಕೂ ಮತ್ತೆ ಹಾಕಿದ್ದಕ್ಕೂ ನಡುವಿನ ದಿನಗಳಲ್ಲಿ, ಯಾವ ಊರಿನದೆಂದು ನಮಗೆ ಇಂದಿಗೂ ಗೊತ್ತಿಲ್ಲದ ಒಂದು ಹಾಡಿನ ಕಂಪನಿ ಅತ್ತೆಯ ದನಿಯನ್ನು ಎತ್ತಿಕೊಂಡಿತ್ತು. ಮದುವೆ ಒಡಪುಗಳ ಸಂಗ್ರಹವೊಂದನ್ನು ಮಾಡಿ, ಹಿನ್ನೆಲೆಗೆ ವಾದ್ಯ ಸೇರಿಸಿ, ಹಕ್ಕು ತನ್ನದೆಂದು ದಾಖಲಿಸಿತ್ತು. ಯಾವ ಮದುಮಗಳಾದರೂ ತನ್ನ ಗಂಡನ ಹೆಸರು ಹೇಳಿಕೊಳ್ಳಲು ಅನುಕೂಲವಾಗಲೆಂದು, ಮಾವನ ಹೆಸರಿದ್ದ ಕಡೆ ದನಿಯನ್ನು ಕತ್ತರಿಸಿ ಶಹನಾಯಿಯ ಒಂದು ತುಣುಕು ಇಟ್ಟಿತ್ತು. ಎಷ್ಟೋ ಹುಡುಗಿಯರು ಆ ತುಣುಕಿನ ಜಾಗದಲ್ಲಿ ತಮ್ಮ ತಮ್ಮ ಗಂಡಂದಿರನ್ನು ಕೂರಿಸಿ ವಿಡಿಯೋ ಮಾಡಿದ್ದರು. ಸೈರನ್ ಎಂದರೇನೆಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ.

ಆ್ಯಪಿನ ಯಂತ್ರ ಎರಡು ದನಿಗಳನ್ನು ಹೋಲಿಸಿತು, ತಾರೀಖು ನೋಡಿತು. ಹಿಂದಿನದು ಕಂಪನಿಯದು, ಇತ್ತೀಚಿನದು ಅತ್ತೆಯದು. ಅತ್ತೆಯೇ ಕದ್ದವರೆಂದು ತೀರ್ಮಾನಿಸಿ ವಿಡಿಯೋ ತೆಗೆದುಹಾಕಿತು.

ಇಂಗ್ಲಿಷಿನಲ್ಲಿ ಬಂದ ನೋಟಿಸನ್ನು ಓದಿ ಹೇಳಿದವಳು ಸೊಸೆ. ಅವತ್ತು ನಾನೂ ಅಲ್ಲಿದ್ದೆ.

"ಅತ್ತಿ, ಇದರಾಗ ಬ್ಯಾರೆಯೋರ ದನಿ ಐತಂತೆ."

"ಯಾರದಂತೆ?"

"ಇವರದಂತೆ, ಕೇಳ್ರಿ" ಎಂದು ಸೊಸೆ ಆ ಸಂಗ್ರಹವನ್ನು ಹಚ್ಚಿದಳು.

ಅತ್ತೆ ಕಿವಿಗೆ ಫೋನ್ ಹಿಡಿದು ಕೇಳಿದರು. ಹೆಸರಿನ ಜಾಗ ಬಂದಾಗ ಫೋನನ್ನು ದೂರ ಹಿಡಿದು ಅದನ್ನೇ ನೋಡಿದರು.

"ನನ್ ಗಂಡನ್ನ ತೆಗೆದು ಪೀಪಿ ಇಟ್ಟಾರಲ್ಲೇ!"

ಸೊಸೆಗೆ ನಗು ತಡೆಯಲಾಗಲಿಲ್ಲ. ನನಗೂ. ಅತ್ತೆಯೂ ನಕ್ಕರೆಂದೇ ನನ್ನ ನೆನಪು. ಆದರೆ ನಕ್ಕ ಕೂಡಲೇ ಎದ್ದು ಒಳಗೆ ಹೋದರು.

ಅತ್ತೆಯ ಮುಂದೆ ಎರಡು ದಾರಿಗಳಿದ್ದವು. ಸುಮ್ಮನಿದ್ದರೆ ಆ ಒಂದು ವಿಡಿಯೋ ಹೋಗುತ್ತದೆ, ಉಳಿದದ್ದು ಇರುತ್ತದೆ. ತನ್ನದೆಂದು ತಕರಾರು ಹೂಡಿ ಸೋತರೆ ಇಡೀ ಪುಟವೇ ಮುಚ್ಚಿಹೋಗುತ್ತದೆ. ಸೊಸೆ, "ಒಂದು ತಾನೆ, ಹೋದ್ರೆ ಹೋಗ್ಲಿ ಬಿಡ್ರಿ. ಇನ್ನೊಂದು ಮಾಡಿ ಹಾಕಿದ್ರಾತು" ಎಂದಳು. ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ಅತ್ತೆ ಒಪ್ಪಲಿಲ್ಲ. "ಉಳಿದವೆಲ್ಲ ಹೋಗ್ಲಿ. ನನಗೆ ಅದು ಬೇಕು, ಹೆಸರು ಸಮೇತ."

ನನ್ನ ಕಾಲೇಜಿನ ಗೆಳತಿಯೊಬ್ಬಳು ದಾವಣಗೆರೆಯಲ್ಲೇ ವಕೀಲೆ. ಅವಳ ಕಚೇರಿಗೆ ಅತ್ತೆಯನ್ನು ಕರೆದುಕೊಂಡು ಹೋದೆ. ಅವಳು ಎರಡೂ ದನಿಗಳನ್ನು ಕೇಳಿ, "ಇದು ನಿಮ್ಮ ದನೀನೇ ಅಂತ ಕುರುಡರಿಗೂ ಗೊತ್ತಾಗ್ತೈತೆ. ಆದ್ರೆ ಇವಳು ಕಂಪನಿಗೆ ಮೇಲ್ ಹಾಕಿದ್ದಕ್ಕೆ ಏನ್ ಉತ್ತರ ಬಂದೈತೆ ನೋಡ್ರಿ. ಇದು ಜನಪದ, ಯಾರದೂ ಅಲ್ಲ, ದನಿ ನಮ್ಮ ಕಲಾವಿದೇದು ಅಂತಾರೆ" ಎಂದಳು.

"ಯಾರದೂ ಅಲ್ಲ ಅಂದ್ಮೇಲೆ ಅವರದು ಹೆಂಗಾತು?" ಎಂದರು ಅತ್ತೆ.

"ಒಳ್ಳೆ ಪ್ರಶ್ನೆ. ನೀವೇ ಕೋರ್ಟಿಗೆ ಬರ್ರಿ, ನಾನು ಮನಿಗೆ ಹೋಗ್ತೀನಿ" ಎಂದು ಗೆಳತಿ ನಕ್ಕಳು. ಆಮೇಲೆ, "ಮೊದಲು ವಿಡಿಯೋ ಮಾಡಿದ ಫೋನ್ ಎಲ್ಲೈತ್ರಿ? ಅದರಾಗ ತಾರೀಖು ಇರ್ತೈತೆ" ಎಂದಳು.

"ಅದನ್ನ ಕೊಟ್ಟು ಹೊಸದು ತಗಂಡ್ವಲ್ಲ. ಎಕ್ಸ್‌ಚೇಂಜ್ ಇತ್ತು."

ಗೆಳತಿ ಹಣೆ ಉಜ್ಜಿಕೊಂಡಳು. "ಹೋಗ್ಲಿ. ಈ ಒಡಪು ನೀವೇ ಕಟ್ಟಿದ್ದಾ, ಯಾರಿಂದಾದ್ರೂ ಕಲ್ತಿದ್ದಾ?"

"ಮೊದಲ್ನೇ ಸಾಲು ನಮ್ಮವ್ವ ಹೇಳ್ತಿದ್ಲು. ಎರಡನೇದು ನಂದು."

"ಎರಡೂ ನಂದೇ ಅನ್ರಿ."

"ಅದು ಹೆಂಗಾಗ್ತೈತೆ? ನಮ್ಮವ್ವಂದು ಅಲ್ಲೇನು?"

ನನಗೆ ಆ ಹೊತ್ತು ವಿಚಿತ್ರ ಅನಿಸಿತು. ವಿಶ್ವವಿದ್ಯಾಲಯದಲ್ಲಿ ನಾನು ಜನಪದವೆಂದರೆ ಕರ್ತೃವಿಲ್ಲದ್ದು ಎಂದು ಪರೀಕ್ಷೆಯಲ್ಲಿ ಬರೆದವಳು. ಇಲ್ಲಿ ಒಬ್ಬ ಕರ್ತೃ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಅರ್ಧ ಹಕ್ಕನ್ನು ತನ್ನ ತಾಯಿಗೆ ಬಿಟ್ಟುಕೊಡುತ್ತಿದ್ದರು. ಕೊಕ್ಕನೂರಿನ ಹೊಲದಲ್ಲಿ ಕಳೆ ತೆಗೆಯುತ್ತ ನಮ್ಮಜ್ಜಿ ಹೇಳುತ್ತಿದ್ದ ಸಾಲೊಂದು ಯಾವುದೋ ಕಂಪನಿಯ ಆಸ್ತಿಯಾಗುವ ಮೊದಲು ಯಾರದಾಗಿತ್ತು? ಯಾರೂ ಕೇಳಿರಲಿಲ್ಲ, ಏಕೆಂದರೆ ಕೇಳುವ ಅಗತ್ಯವೇ ಇರಲಿಲ್ಲ. ಹೊಸ್ತಿಲಲ್ಲಿ ಹೇಳಿದ ಒಡಪು ಹೊಸ್ತಿಲಲ್ಲೇ ಮುಗಿಯುತ್ತಿತ್ತು.

ಗೆಳತಿ ಒಂದು ಉಪಾಯ ಹೇಳಿದಳು. ಈ ಒಡಪನ್ನು ಅತ್ತೆಯ ಬಾಯಿಂದ ಮೊದಲೇ, ನೆಟ್ಟಿಗೆ ಬರುವುದಕ್ಕೂ ಹಿಂದೆ ಕೇಳಿದವರು ಪ್ರಮಾಣಪತ್ರ ಕೊಟ್ಟರೆ, ಅದನ್ನಿಟ್ಟು ಕಂಪನಿಗೆ ನೋಟಿಸು ಕಳಿಸಬಹುದು. ಅಷ್ಟಕ್ಕೇ ಕಂಪನಿ ಹಿಂದೆ ಸರಿದರೂ ಸರಿಯಬಹುದು.

"ನಾನು ಕೇಳಿದ್ದೇನೆ" ಎಂದೆ.

"ಎಲ್ಲಿ, ಯಾವಾಗ, ಯಾರ್ಯಾರಿದ್ರು, ಬರ್ಕೊಂಡ್ ಬಾ. ಸುಳ್ಳು ಬರೀಬ್ಯಾಡ. ಆಮೇಲೆ ಅವರ ವಕೀಲರು ನಿನ್ನನ್ನೇ ಕೂರಿಸಿ ಕೇಳ್ತಾರೆ."

ಮನೆಗೆ ಬಂದು ಬರೆಯಲು ಕೂತೆ. ನನ್ನ ಕಣ್ಣ ಮುಂದೆ ಚಿತ್ರ ಸ್ಪಷ್ಟವಾಗಿತ್ತು. ಹರಿಹರದ ಮನೆ. ಯಾರದೋ ಸೀಮಂತ. ನಾನು ಲಂಗ ತೊಟ್ಟ ಹುಡುಗಿ. ಹೆಂಗಸರು ಅತ್ತೆಯನ್ನು ಹಿಡಿದುಕೊಂಡು, "ಎಲ್ಲರಿಗೂ ಕಟ್ಟಿಕೊಡ್ತೀಯಲ್ಲ, ನಿನ್ ಗಂಡನ ಹೆಸರು ಹೇಳು ನೋಡಣ" ಎಂದು ಕೆಣಕುತ್ತಿದ್ದಾರೆ. ಅತ್ತೆ ಆರತಿ ತಟ್ಟೆ ಹಿಡಿದು ಹೇಳುತ್ತಾರೆ: ಹೊಳಿಯಾಗ ಹರಿತೈತೆ. ಕಟ್ಟೆಯ ಮೇಲೆ ಮಾವ ಕೇಳಿಸಿಕೊಂಡೂ ಕೇಳಿಸದವರಂತೆ ಪೇಪರ್ ಓದುತ್ತಿದ್ದಾರೆ.

ಇಷ್ಟನ್ನೂ ಬರೆದೆ. ಆಮೇಲೆ ಕಣ್ಣು ಮುಚ್ಚಿ ಮತ್ತೊಮ್ಮೆ ಕೇಳಿಸಿಕೊಂಡೆ. ಅತ್ತೆಯ ದನಿಯ ಹಿಂದೆ ಶಹನಾಯಿ ಇತ್ತು.

ಆ ಕಾಲದಲ್ಲಿ ಹರಿಹರದ ಆ ಮನೆಯಲ್ಲಿ ಯಾವ ಸೀಮಂತಕ್ಕೆ ಯಾರು ಶಹನಾಯಿ ಊದಿಸಿದ್ದರು? ಕಂಪನಿಯ ತುಣುಕನ್ನು ಅಷ್ಟು ಸಲ ಕೇಳಿ ಅದು ನನ್ನ ಬಾಲ್ಯದೊಳಗೂ ನುಗ್ಗಿರಬೇಕು. ಶಹನಾಯಿ ಹಾಗೆ ಬಂದದ್ದಾದರೆ ಆರತಿ ತಟ್ಟೆ ಎಲ್ಲಿಂದ ಬಂತು? ಮಾವನ ಪೇಪರು? ಅತ್ತೆ ಯಾವುದೋ ಒಡಪು ಹೇಳಿದ್ದು ನಿಜವಿರಬಹುದು. ಅದು ಇದೇ ಆಗಿತ್ತೆ? ಬೇರೆ ನಂಟರನ್ನು ಕೇಳಿದೆ. "ಕೇಳಿದೀನಿ, ಫೋನಿನಾಗ ಬಂದಿತ್ತಲ್ಲ" ಎಂದರು ಎಲ್ಲರೂ. ಫೋನಿಗಿಂತ ಹಿಂದೆ ಕೇಳಿದ್ದೀರಾ ಎಂದರೆ ಖಾತ್ರಿಯಿಲ್ಲ ಎಂದರು. ಎಲ್ಲರ ಕಿವಿಯಲ್ಲೂ ಹೊಸದು ಹಳೆಯದರ ಮೇಲೆ ಕೂತುಬಿಟ್ಟಿತ್ತು.

ಗೆಳತಿಗೆ ಫೋನ್ ಮಾಡಿ ನಿಜ ಹೇಳಿದೆ. ಅವಳು ಬೈಯಲಿಲ್ಲ. "ಹಂಗಾದ್ರೆ ನಿಮ್ಮತ್ತೇನೇ ಹೇಳಬೇಕು. ಅವರೇ ಪ್ರಮಾಣ ಮಾಡ್ಲಿ, ಯಾವಾಗ ಕಟ್ಟಿದ್ದು ಅಂತ ಸರಿಯಾಗಿ ಬರೀಲಿ. ಆಗ ಅವರ ಜೊತೆ ಇದ್ದೋರು ಯಾರು ಅಂತಾದ್ರೂ ಹುಡುಕಬಹುದು."

ಮರುದಿನ ಮಧ್ಯಾಹ್ನ ದೇವರಾಜ ಅರಸು ಬಡಾವಣೆಗೆ ಹೋದೆ. ಸೊಸೆ ಮನೆಯಲ್ಲಿರಲಿಲ್ಲ. ಅತ್ತೆ ಮಂಡಕ್ಕಿಗೆ ಒಗ್ಗರಣೆ ಹಾಕಿ, "ಕೂಡು ಬಾ" ಎಂದು ತಟ್ಟೆ ಮುಂದಿಟ್ಟರು. ನೋಟರಿ ಯಾವಾಗ ಸಿಗುತ್ತಾರೆಂದು ಅವರೇ ಕೇಳಿದರು. ಹೆಸರಿರುವ ವಿಡಿಯೋ ವಾಪಸು ಬಂದೇ ಬರುತ್ತದೆಂದು ಅವರಿಗೆ ನಂಬಿಕೆಯಿತ್ತು. ನಾನು ನನ್ನ ನೆನಪಿನ ತಕರಾರನ್ನೆಲ್ಲ ಹೇಳಿದೆ, ಶಹನಾಯಿಯದನ್ನೂ. ಅವರು ನಗಲಿಲ್ಲ.

"ಅವತ್ತು ಸೀಮಂತದಾಗ ಹೇಳಿದ್ದು ಇದಲ್ಲ ಬಿಡು" ಎಂದರು. "ಅವತ್ತು ಬ್ಯಾರೆ ಯಾವುದೋ ಅಂದಿದ್ದೆ. ಎಲ್ಲರೂ ಅನ್ನೋ ಅಂಥದ್ದು."

ಹಾಗಾದರೆ ಇದನ್ನು ಮೊದಲು ಹೇಳಿದ್ದು ಎಲ್ಲಿ ಎಂದೆ. ಅತ್ತೆ ನೀರಿನ ಲೋಟ ತುಂಬಿಸಿದರು. ಆಗಲೇ ಯಾವುದೋ ಹುಡುಗಿಯ ದನಿ ಸಂದೇಶ ಬಂತು. ಅವಳ ಮದುವೆ ಹತ್ತಿರವಾಗಿತ್ತು, ಹುಡುಗ ಮನೆಗೆ ಬಂದ ಕೂಡಲೇ ಕಿಟಕಿ ತೆಗೆಯುತ್ತಾನಂತೆ. ಅತ್ತೆ ಅದನ್ನು ಎರಡು ಸಲ ಕೇಳಿ ಫೋನನ್ನು ಮಗುಚಿಟ್ಟರು. ಬರೆದುಕೊಳ್ಳಲು ಪೆನ್ನು ಹಿಡಿದು ಕೂತಿದ್ದ ನಾನು ಅದನ್ನು ಕೆಳಗಿಟ್ಟೆ. ವಕೀಲೆಗಾಗಿ ಕೇಳಬೇಕಿದ್ದದ್ದನ್ನು ಬಿಟ್ಟು, ನನಗಾಗಿ ಒಂದು ಪ್ರಶ್ನೆ ಕೇಳಿದೆ. ಅದಾದ ಮೇಲೆ ಎಷ್ಟೋ ಸಲ ಆ ಮನೆಗೆ ಹೋಗಿ ಬಂದಿದ್ದೇನೆ, ಪ್ರಮಾಣಪತ್ರ 'ಯಾವಾಗ ಕಟ್ಟಿದ್ದು' ಎಂಬಲ್ಲಿಗೇ ಇನ್ನೂ ಅರ್ಧಕ್ಕೆ ನಿಂತಿದೆ.

"ಅತ್ತೆ, ಸೈರನ್ನಿನ ಆ ಸಾಲನ್ನ ಮಾವ ಒಮ್ಮೆಯಾದ್ರೂ ಕೇಳಿದ್ರಾ?"