ರೋಡ್ ರೋಲರಿನ ನಾದಿನಿಗೊಂದು ರೇಸಿನ ಹೆಡ್‌ಸೆಟ್

ಭಾವ ಅಷ್ಟೊಂದು ವಿನಯದಿಂದ ಕ್ಷಮೆ ಕೇಳಿದ್ದು ಒಂದು ಫ್ರಿಜ್ಜಿನ ಹತ್ತಿರ. ಕಣ್ಣು ಪೂರ್ತಿ ಮುಚ್ಚುವ ವಿಆರ್ ಹೆಡ್‌ಸೆಟ್ಟನ್ನು ತಲೆಗೇರಿಸಿಕೊಂಡು, ಅದರೊಳಗೆ ಓಡುವ ಕಾರಿನ ಜೊತೆ ತಾವೂ ವಾಲಿದಾಗ ಮೊಣಕೈ ಯಾರಿಗೋ ತಗುಲಿತು. "ಅಯ್ಯೋ, ತಪ್ಪಾಯ್ತು. ನೋಡ್ಲಿಲ್ಲ. ಪೆಟ್ಟಾಯ್ತಾ?" ಎಂದರು. ಉತ್ತರ ಬರಲಿಲ್ಲ. ಸಿಟ್ಟು ಬಂದಿರಬೇಕೆಂದು ಇನ್ನಷ್ಟು ಬಾಗಿ ಮತ್ತೊಮ್ಮೆ ಕೇಳಿಕೊಂಡರು. ಹೆಡ್‌ಸೆಟ್ ತೆಗೆದು ನೋಡಿದರೆ ಎದುರಿಗೆ ಎರಡು ಬಾಗಿಲಿನ ಫ್ರಿಜ್ಜು, ಹಿಂದೆ ಅಂಗಡಿಗೆ ಬಂದಿದ್ದ ಅರ್ಧ ಊರು.

"ಬಿಡಿ ಭಾವ, ಅದು ಮನಸ್ಸಿಗೆ ಹಚ್ಕೊಂಡಿಲ್ಲ," ಎಂದಳು ನಾದಿನಿ.

ಭಾವ ಅಂದರೆ ಪಠ್ಯಪುಸ್ತಕಗಳ ಕರಡು ತಿದ್ದುವ ಐವತ್ತೆರಡರ ಗೃಹಸ್ಥರು. ಸಣ್ಣ ಅಕ್ಷರ ಓದುವುದೇ ಕಸುಬಾದ್ದರಿಂದ ಮನೆಯಲ್ಲಿ ಯಾರು ಏನು ಕೊಳ್ಳುವುದಿದ್ದರೂ ಅವರನ್ನು ಎಳೆದೊಯ್ಯುತ್ತಾರೆ. ಅವರು ಆರಿಸಿದ ಒಂದು ಮಿಕ್ಸಿಯೂ ಇದುವರೆಗೆ ವರ್ಷ ದಾಟಿಲ್ಲ, ಆ ಮಾತು ಬೇರೆ.

ಹೆಂಡತಿಯ ತಂಗಿಯಾದ ಈ ನಾದಿನಿ ಹತ್ತೊಂಬತ್ತು ವರ್ಷದಿಂದ ರೋಡ್ ರೋಲರ್ ಓಡಿಸುತ್ತಿದ್ದಾಳೆ. ಕೋಲೂರಿ ನಡೆಯುವ ಅಜ್ಜಿಯರೂ ಅವಳನ್ನು ಹಿಂದೆ ಹಾಕಿ, ತಿರುಗಿ ನೋಡಿ, ಅಯ್ಯೋ ಪಾಪ ಎನ್ನುತ್ತಾರೆ. ಆದರೆ ಸಂಜೆ ಮನೆಗೆ ಬಂದು ಕೈಕಾಲು ತೊಳೆದಳೆಂದರೆ ಬೇರೆಯೇ ಹೆಂಗಸು. ಮಂಚದ ಪಕ್ಕ ಕುರ್ಚಿ, ಮೇಜಿಗೆ ಬಿಗಿದ ಸ್ಟೀರಿಂಗು, ನೆಲದಲ್ಲಿ ಪೆಡಲು, ಕಂಪ್ಯೂಟರಿನೊಳಗೆ ಗಂಟೆಗೆ ಇನ್ನೂರೈವತ್ತು ಕಿಲೋಮೀಟರಿನ ಕಾರ್ ರೇಸು. ಎಲ್ಲೆಲ್ಲಿಂದಲೋ ಮೂವತ್ತು ಮಂದಿ ಸೇರಿ ಆಡುವ ಆ ಲೀಗಿನಲ್ಲಿ ಅವಳ ಹೆಸರು 'ಆಮೆ'.

ಈಗ ಆಮೆಯ ಕುತ್ತಿಗೆಗೆ ಬಂದಿತ್ತು. ಒಂದೇ ಪರದೆಯಲ್ಲಿ ಪಕ್ಕದ ಕಾರು ಕಾಣದೆ ತಿರುವುಗಳಲ್ಲಿ ಎರಡು ಸಲ ಗುದ್ದಿದ್ದಳು. ಇನ್ನೊಮ್ಮೆ ಯಾರಿಗಾದರೂ ತಾಗಿದರೆ ಲೀಗಿನಿಂದ ಹೊರಗೆ ಎಂದು ಪತ್ರ ಬಂದಿತ್ತು. ಭಾನುವಾರ ಕೊನೆಯ ರೇಸು. "ಹತ್ತೊಂಬತ್ತು ವರ್ಷದಲ್ಲಿ ಒಂದು ಸೈಕಲ್ಲಿಗೂ ತಾಗಿಸಿದವಳಲ್ಲ ನಾನು," ಎಂದು ಅಕ್ಕನ ಮುಂದೆ ಮೂಗೊರೆಸಿಕೊಂಡಿದ್ದಳು. ತಲೆ ತಿರುಗಿಸಿದ ಕಡೆಯೆಲ್ಲ ಕಾಣಿಸುವ ಹೆಡ್‌ಸೆಟ್ ಕೊಳ್ಳಲು ಅಕ್ಕ ತನ್ನ ಗಂಡನನ್ನು ಜೊತೆ ಮಾಡಿ ಕಳಿಸಿದ್ದಳು.

ಭಾವ ಬರಿಗೈಲಿ ಬಂದಿರಲಿಲ್ಲ. ನಾಲ್ಕು ಹಾಳೆ ಟಿಪ್ಪಣಿ ಮಾಡಿಕೊಂಡಿದ್ದರು. "ನೋಡಮ್ಮ, ರೆಸಲ್ಯೂಷನ್ನು ಇದರದ್ದೇ ಜಾಸ್ತಿ. ಕಣ್ಣು ಮುಚ್ಕೊಂಡು ತಗೋ."

"ಕಣ್ಣು ಬಿಟ್ಕೊಂಡೇ ನೋಡ್ತೀನಿ, ತಾಳಿ."

ಅಂಗಡಿಯಾಕೆ ಅದನ್ನೇ ತೊಡಿಸಿ ಅವಳನ್ನು ಸ್ಟೀರಿಂಗಿನ ಮುಂದೆ ಕೂರಿಸಿದಳು. ನಾದಿನಿ ಮುಂದಕ್ಕೆ ನೋಡಲೇ ಇಲ್ಲ. ಬಲಕ್ಕೆ ವಾಲಿ, ಇಲ್ಲದ ಕಿಟಕಿಯಿಂದ ತಲೆ ಹೊರಹಾಕಿ, ಕೆಳಗೆ ಮುಂದಿನ ಚಕ್ರ ನೋಡಿದಳು. ರೋಲರಿನವರ ಅಭ್ಯಾಸ ಅದು. ಉರುಳೆಯ ಅಂಚು ಎಲ್ಲಿ ಕೂರುತ್ತಿದೆ ಎಂದು ಬಗ್ಗಿ ನೋಡದೆ ಒಂದು ಮೊಳವೂ ಮುಂದೆ ಹೋಗುವುದಿಲ್ಲ. ಬಗ್ಗಿದ್ದೇ ತಡ, ಭಾರದ ಹೆಡ್‌ಸೆಟ್ ಜಾರಿ ಮೂಗಿನ ಮೇಲೆ ಕೂತಿತು.

"ಮೇಡಂ, ರೇಸಲ್ಲಿ ಯಾರೂ ಹಾಗೆ ಬಗ್ಗಿ ನೋಡಲ್ಲ," ಎಂದಳು ಅಂಗಡಿಯಾಕೆ.

"ಅದಕ್ಕೇ ಗುದ್ಕೊಳ್ತಾರೆ. ಮುಂದಿನದು ಕೊಡಿ."

ಎರಡನೆಯದು ಹಗುರ, ಆದರೆ ಉದ್ದನೆಯ ವೈರು. ಗೇರಿಗೆ ಕೈ ಹಾಕಿದಳೋ ಇಲ್ಲವೋ, ಅವಳ ಕತ್ತು ತಾನಾಗಿ ಹಿಂದಕ್ಕೆ ತಿರುಗಿತು. ರೋಲರಿನದು ಮುಂದೆ ಹೋದಷ್ಟೇ ಹಿಂದಕ್ಕೂ ಬರಬೇಕಾದ ಕೆಲಸ ಅಲ್ಲವೇ? ವೈರು ಕುರ್ಚಿಯ ಕೈಗೆ ಸಿಕ್ಕಿ ತಲೆಯನ್ನೇ ಜಗ್ಗಿತು.

ಮೂರನೆಯದಕ್ಕೆ ವೈರಿಲ್ಲ, ತಿರುಪಿದರೆ ಬಿಗಿಯಾಗುವ ಪಟ್ಟಿ. ಭಾವನ ಟಿಪ್ಪಣಿಯಲ್ಲಿ ಅದಕ್ಕೆ ಕೊನೆಯ ಸ್ಥಾನ, ಮೇಲೆ ಕೆಂಪು ಶಾಯಿಯ ಅಡ್ಡಗೆರೆ ಬೇರೆ. ನಾದಿನಿ ಬಗ್ಗಿದಳು, ಎದ್ದಳು, ಗೂಬೆಯ ಹಾಗೆ ಕತ್ತು ತಿರುಗಿಸಿದಳು. ಹೆಡ್‌ಸೆಟ್ ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಇದೇ."

"ಅಲ್ಲ ಕಣೇ, ಇದರಲ್ಲಿ ದೂರದ ಬೋರ್ಡಿನ ಅಕ್ಷರ ಮಸುಕು ಮಸುಕು!"

"ಅಕ್ಷರ ಓದೋಕೆ ನೀವಿದ್ದೀರಲ್ಲ ಭಾವ. ನನಗೆ ಪಕ್ಕದೋರು ಕಂಡ್ರೆ ಸಾಕು."

ಭಾವ ನಾಲ್ಕೂ ಹಾಳೆಗಳನ್ನು ಮಡಚಿ ಜೇಬಿಗೆ ತುರುಕಿದರು. ಅಂಗಡಿಯಾಕೆ ಅಯ್ಯೋ ಎನ್ನುವಂತೆ ನೋಡಿದ್ದು ಅವರಿಗೆ ಇನ್ನೂ ಚುಚ್ಚುತ್ತದೆ.

ಭಾನುವಾರ ಸಂಜೆ ಅಕ್ಕ, ಭಾವ ಇಬ್ಬರೂ ನಾದಿನಿಯ ಮಂಚದ ಮೇಲೆ ಕೂತು, ಅವಳಿಗೆ ಕಾಣುತ್ತಿದ್ದುದನ್ನು ಪರದೆಯಲ್ಲಿ ನೋಡಿದರು. ಕೊನೆಯ ಸುತ್ತಿನಲ್ಲಿ ಎರಡು ಕಾರುಗಳು ಅವಳನ್ನು ನಡುವೆ ಸಿಕ್ಕಿಸಿಕೊಂಡೇ ತಿರುವಿಗೆ ನುಗ್ಗಿದವು. ಅಕ್ಕ ಕಣ್ಣು ಮುಚ್ಚಿದಳು. ಭಾವ ಇಲ್ಲದ ಬ್ರೇಕನ್ನು ಬಲಗಾಲಲ್ಲಿ ಒತ್ತಿ ಹಿಡಿದರು. ನಾದಿನಿ ಬಲಕ್ಕೊಮ್ಮೆ ಬಗ್ಗಿ ನೋಡಿದಳು, ಎಡಕ್ಕೊಮ್ಮೆ ಬಗ್ಗಿ ನೋಡಿದಳು, ಗೇಣು ಜಾಗದಲ್ಲಿ ನುಸುಳಿ ಹೊರಬಂದಳು. ಹನ್ನೊಂದನೇ ಸ್ಥಾನ. ಯಾರಿಗೂ ತಾಗಿರಲಿಲ್ಲ. ಆಮೆ ಲೀಗಿನಲ್ಲೇ ಉಳಿಯಿತು.

ಅವಳು ಹೆಡ್‌ಸೆಟ್ ಬಿಚ್ಚಿದಾಗ ಮುಖದ ಸುತ್ತ ಕೆಂಪು ಗೆರೆ. ಭಾವನಿಗೆ ಕೂತಲ್ಲಿ ಕೂರಲಾಗಲಿಲ್ಲ. "ಇನ್ನೂರೈವತ್ತರಲ್ಲಿ ಹೋದ್ಯಲ್ಲೇ ಮಾರಾಯ್ತಿ! ಹೇಗಿತ್ತು?"

ನಾದಿನಿ ಬೆವರೊರೆಸಿಕೊಂಡಳು.

"ಮೂರನೇ ತಿರುವಲ್ಲಿ ಡಾಂಬರು ಸರಿಯಾಗಿ ಕೂತಿಲ್ಲ ಭಾವ. ಇನ್ನೆರಡು ಸಲ ಉರುಳಿಸ್ಬೇಕಿತ್ತು."